ಆರ್ಲೀಸಳ ಮನೆಯಿಂದ ತಂದ ಪಾತ್ರೆ

ಅಮೆರಿಕದ ಡುಲೂತ್ ಊರಿನ ನಮ್ಮ ಬೀದಿಯ ಆರ್ಲೀಸ್, ಗಂಡ ಸತ್ತಾಗಿನಿಂದ, ಶಾಲೆಯ ಬಸ್ಸು ಓಡಿಸುತ್ತಾಳೆ. ಹಿಮದ ಇಳಿಜಾರು, ಮಕ್ಕಳ ಕಿರುಚಾಟ ಎಲ್ಲ ಮುಗಿಸಿ ಮನೆಗೆ ಬಂದರೂ ಅವಳ ಬೆರಳುಗಳು ಸ್ಟೀರಿಂಗ್ ಹಿಡಿದ ಹಾಗೇ ಮಡಚಿಕೊಂಡಿರುತ್ತವೆ.

ಅವತ್ತು ಸಂಜೆ ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದರೆ ಅವಳು ತನ್ನ ನಡುಮನೆಯ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಓವನ್ನಿನಿಂದ ಆಗಷ್ಟೇ ತೆಗೆದಿದ್ದ ಆಲೂಗಡ್ಡೆ, ಮಾಂಸದ ಪಾತ್ರೆಯನ್ನು ಹಿಡಿದುಕೊಂಡೇ ಓಡಿದೆ. ನಮ್ಮಲ್ಲಿ ಯಾರಿಗೇನಾದರೂ ಆದರೆ ಮೊದಲು ಹೋಗುವುದು ಊಟದ ಪಾತ್ರೆಯೇ.

"ಬಿದ್ಯೇನೇ?"

"ಇಲ್ಲ ಕಣೇ ವರ್ನಾ, ಮೈ ಸಡಿಲ ಬಿಡ್ತಿದ್ದೆ. ಶಾಲೆ ನರ್ಸು ಹೇಳ್ಕೊಟ್ಟಿದ್ದು. ಪಾದದಿಂದ ಶುರು ಮಾಡಿ ಮೇಲೆ ಬರ್ಬೇಕಂತೆ. ಮೊಣಕಾಲಿಗೆ ಬಂದಿದ್ದೆ, ಅಷ್ಟರಲ್ಲಿ ನೀನು ಬಂದೆ."

ಬೇಡವೆಂದರೂ ಎದ್ದು ಕಾಫಿಗೆ ನೀರಿಟ್ಟು ಮೇಜಿನ ಮುಂದೆ ಕೂತಳು.

"ಪಾತ್ರೆ ನಾಳೆ ಕೊಡ್ತೀನಿ. ಕೇಕ್ ಮಾಡಿ ಹಾಕ್ಬೇಕಲ್ಲ."

ನಮ್ಮ ಬೀದಿಯಲ್ಲಿ ಪಾತ್ರೆ ಖಾಲಿಯಾಗಿ ಹಿಂದಕ್ಕೆ ಹೋಗುವುದಿಲ್ಲ. ನಾಳೆ ಅವಳು ಹೀಗೆ ಮೈ ಸಡಿಲ ಬಿಡುವ ಹೊತ್ತೂ ನನಗೆ ಕೇಕ್ ಮಾಡುವುದರಲ್ಲೇ ಹೋಯಿತು ಅಂದುಕೊಂಡೆ.

ನನ್ನ ಮಂಡಿನೋವಿನ ಪುರಾಣ ತೆಗೆದೆ. ಡಾಕ್ಟರನ್ನು ಬೈದು ಮುಗಿಸುವಷ್ಟರಲ್ಲಿ ಆರ್ಲೀಸಳ ಭುಜ ಇಳಿದಿತ್ತು, ಬಾಯಿ ತೆರೆದಿತ್ತು, ಬೆರಳುಗಳು ಬಿಚ್ಚಿಕೊಂಡಿದ್ದವು. ಕೂತಲ್ಲೇ ನಿದ್ದೆ.

ಒಲೆ ಆರಿಸಿದೆ. ಊಟವನ್ನು ಅವಳ ಬಟ್ಟಲಿಗೆ ಹಾಕಿ ಮುಚ್ಚಿ, ಕೇಕಿಗೆ ಕಾಯದೆ ನನ್ನ ಪಾತ್ರೆ ತೊಳೆದುಕೊಂಡು ಹೊರಬಿದ್ದೆ. ಎದುರು ಮನೆಯವಳು ಪರದೆ ಸರಿಸಿ ನೋಡುತ್ತಿದ್ದಳು. ಖಾಲಿ ಅನ್ನುವುದು ಚೆನ್ನಾಗಿ ಕಾಣಲಿ ಎಂದು ಪಾತ್ರೆಯನ್ನು ಬೋರಲು ಹಿಡಿದು ನಡೆದೆ.