ಶುಕ್ರವಾರದ ಗೈರು

ಕೋವಿಡ್ ಕಾಲ ಮುಗಿದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮತ್ತೆ ಮೊದಲಿನ ರೀತಿಯಲ್ಲಿ ನಡೆಯತೊಡಗಿದ ಎರಡನೇ ವರ್ಷ ಅದು. ನಾನಾಗ ಮೈಸೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಸಹಶಿಕ್ಷಕಿ. ಸೇವೆಗೆ ಸೇರಿ ಮೂವತ್ತೊಂದು ವರ್ಷವಾಗಿತ್ತು, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಹತ್ತನೇ ತರಗತಿಯ ಮಕ್ಕಳು ನನ್ನ ಬೆನ್ನ ಹಿಂದೆ ‘ಅರ್ಧ ಮಾರ್ಕ್ ಮೇಡಂ’ ಎನ್ನುತ್ತಿದ್ದರು. ಉತ್ತರದ ಮುಂದೆ ಸೆಂ.ಮೀ. ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುವುದು ನನ್ನ ರೂಢಿ. ಆ ಅಡ್ಡಹೆಸರು ನನ್ನ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಾಗಿತ್ತು.

ಈ ಕಥೆ ಅರ್ಥವಾಗಬೇಕಾದರೆ ಎ ಪ್ಲಸ್ ಗ್ರೇಡ್ ಹೇಗೆ ಬರುತ್ತದೆ ಎನ್ನುವುದನ್ನು ಸ್ವಲ್ಪ ವಿವರಿಸಬೇಕು. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ ನೂರು. ಶೇಕಡಾ ತೊಂಬತ್ತು ಮುಟ್ಟಿದವರಿಗೆ ಎ ಪ್ಲಸ್. 625ರಲ್ಲಿ ಶೇಕಡಾ ತೊಂಬತ್ತು ಎಂದರೆ ಐನೂರ ಅರವತ್ತೆರಡೂವರೆ. ಒಟ್ಟು ಅಂಕದಲ್ಲಿ ಅರ್ಧ ಎನ್ನುವುದು ಇಲ್ಲವಾದ್ದರಿಂದ 563 ಬಂದವರಿಗೆ ಎ ಪ್ಲಸ್, 562 ಬಂದವರಿಗೆ ಬರಿಯ ಎ. ಇನ್ನು ಗಣಿತದಂಥ ವಿಷಯದ ನೂರರಲ್ಲಿ ಎಂಬತ್ತು ಲಿಖಿತ ಪರೀಕ್ಷೆಯವು. ಅವನ್ನು ಕೊಡುವ ಮೌಲ್ಯಮಾಪಕರಿಗೆ ಉತ್ತರಪತ್ರಿಕೆ ಯಾವ ಮಗುವಿನದೆಂದು ಗೊತ್ತಿರುವುದಿಲ್ಲ. ಉಳಿದ ಇಪ್ಪತ್ತು ಆಂತರಿಕ ಅಂಕ. ಅವು ಶಾಲೆಯ ಶಿಕ್ಷಕರ ಕೈಯಲ್ಲಿರುತ್ತವೆ. ವರ್ಷದಲ್ಲಿ ನಾಲ್ಕು ಸಲ, ಸಲಕ್ಕೆ ಐವತ್ತರಂತೆ, ಚಟುವಟಿಕೆ ಮತ್ತು ಕಿರುಪರೀಕ್ಷೆಗಳಿಗೆ ಅಂಕ ಹಾಕಿ, ಒಟ್ಟು ಇನ್ನೂರನ್ನು ಕೊನೆಗೆ ಇಪ್ಪತ್ತಕ್ಕೆ ಇಳಿಸುತ್ತೇವೆ.

ಎಷ್ಟೋ ಶಾಲೆಗಳಲ್ಲಿ ಈ ಇಪ್ಪತ್ತನ್ನು ಚೆನ್ನಾಗಿ ಓದುವ ಮಕ್ಕಳಿಗೆ ಕಣ್ಣುಮುಚ್ಚಿ ಕೊಟ್ಟುಬಿಡುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಪದ್ಧತಿ. ನಾನೊಬ್ಬಳು ಮಾತ್ರ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟವಳಲ್ಲ. ಪ್ರಸಾದ ಹಂಚಿದ ಹಾಗೆ ಅಂಕ ಹಂಚುವುದಕ್ಕೆ ನಾನೇನು ಗುಡಿಯಲ್ಲಿ ನಿಂತಿದ್ದೇನೆಯೇ ಎಂದು ಸಹೋದ್ಯೋಗಿಗಳನ್ನು ಕೆಣಕುತ್ತಿದ್ದೆ.

ಆ ವರ್ಷ ನಮ್ಮ ಶಾಲೆಯಲ್ಲಿ ಎ ಪ್ಲಸ್ ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದ್ದ ಹುಡುಗಿ ಚೈತ್ರ. ಕುಂಬಾರಕೊಪ್ಪಲಿನವಳು. ತಂದೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ತಾಯಿ ಚಾಮುಂಡಿ ಬೆಟ್ಟದಲ್ಲಿ ಏನೋ ವ್ಯಾಪಾರ ಮಾಡುತ್ತಾರೆ ಎಂದು ಪ್ರವೇಶದ ಅರ್ಜಿಯಲ್ಲಿ ಬರೆದಿದ್ದನ್ನು ನಾನೂ ನೋಡಿದ್ದೆ, ಆದರೆ ತಲೆಯಲ್ಲಿ ಉಳಿದಿರಲಿಲ್ಲ. ಮಾತು ಕಡಿಮೆ, ಅಕ್ಷರ ದುಂಡಗೆ. ಲೆಕ್ಕ ಬಿಡಿಸುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ನಗರದ ಒಂದು ಟ್ರಸ್ಟ್ ನಡೆಸುವ ಪಿ.ಯು. ಕಾಲೇಜಿನಲ್ಲಿ ಎ ಪ್ಲಸ್ ಬಂದ ಹೆಣ್ಣುಮಕ್ಕಳಿಗೆ ವಿಜ್ಞಾನ ವಿಭಾಗದಲ್ಲಿ ಉಚಿತ ಸೀಟು, ಪುಸ್ತಕ, ಮಧ್ಯಾಹ್ನದ ಊಟ ಎಲ್ಲವೂ ಇತ್ತು. ಒಂಬತ್ತನೇ ತರಗತಿಯಲ್ಲಿ ಶಾಲೆಯಿಂದ ಆ ಕಾಲೇಜಿನ ಪ್ರಯೋಗಾಲಯ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅಂದಿನಿಂದ ಅವಳ ಮನಸ್ಸೆಲ್ಲ ಅಲ್ಲೇ. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಕಾಲೇಜಿನ ಹೆಸರನ್ನು ಬರೆದು ಸುತ್ತ ಚೌಕ ಹಾಕಿಕೊಂಡಿದ್ದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಮ್ಮ ಎಚ್.ಎಂ. ಶಿವಣ್ಣನವರು ಕಂಪ್ಯೂಟರಿನ ಮುಂದೆ ಕೂತವರು ಹಣೆ ಒತ್ತಿಕೊಂಡು ಕರೆದರು.

“ಬನ್ನಿ ಮೇಡಂ ಇಲ್ಲಿ. ಚೈತ್ರಂದು 562. ಒಂದೇ ಒಂದು ಅಂಕ ಕಣ್ರೀ!”

ಪರದೆ ನೋಡಿದೆ. ಕನ್ನಡ 119, ಇಂಗ್ಲಿಷ್ 86, ಹಿಂದಿ 95, ಗಣಿತ 91, ವಿಜ್ಞಾನ 84, ಸಮಾಜ ವಿಜ್ಞಾನ 87. ಪಕ್ಕದಲ್ಲೇ ಆಂತರಿಕ ಅಂಕಗಳ ಸಾಲು. ಕನ್ನಡಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ತೈದು, ಉಳಿದೆಲ್ಲದಕ್ಕೂ ಇಪ್ಪತ್ತು, ಗಣಿತಕ್ಕೆ ಮಾತ್ರ ಹದಿನೇಳು. ಶಿವಣ್ಣನವರ ಕಣ್ಣೂ ಅಲ್ಲೇ ಇತ್ತು. ಅವರು ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. “ನಾನು ಕೊಟ್ಟಿದ್ದು ಪ್ರಾಮಾಣಿಕ ಅಂಕ” ಎಂದೆ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ.

ಫಲಿತಾಂಶದ ನಂತರ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳುವ ಅವಕಾಶವಿದೆ. ಕೂಡುವಲ್ಲಿ ತಪ್ಪಾಗಿದ್ದರೆ, ಯಾವುದಾದರೂ ಉತ್ತರ ತಿದ್ದದೆ ಉಳಿದಿದ್ದರೆ ಸರಿಪಡಿಸುತ್ತಾರೆ. ನಾನೇ ಮುಂದೆ ನಿಂತು ಚೈತ್ರಳಿಂದ ಅತಿ ಕಡಿಮೆ ಅಂಕ ಬಂದಿದ್ದ ಇಂಗ್ಲಿಷ್ ಮತ್ತು ವಿಜ್ಞಾನದ ಪ್ರತಿಗೆ ಅರ್ಜಿ ಹಾಕಿಸಿದೆ. ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತು ಕೂತು ಪಳಗಿದವಳು ನಾನು. ಎರಡು ಹಾಳೆ ಅಂಟಿಕೊಂಡು ಒಂದು ಪುಟ ತಪ್ಪುವುದು, ಕೊನೆಯ ಪುಟದ ಅಂಕ ಮುಖಪುಟದ ಚೌಕಕ್ಕೆ ಬಾರದಿರುವುದು, ಇವೆಲ್ಲ ಎಲ್ಲಿ ನಡೆಯುತ್ತವೆಂದು ಗೊತ್ತು. ಆ ವಿಷಯಗಳ ಶಿಕ್ಷಕರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪುಟಪುಟವನ್ನೂ ಜಾಲಾಡಿದೆ. ಬೇರೆ ಯಾರದಾದರೂ ತಪ್ಪು ಸಿಗಲಿ ಎಂದು ನಾನು ಎಷ್ಟು ಆಸೆಪಟ್ಟೆ ಎನ್ನುವುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದೂ ಸಿಗಲಿಲ್ಲ. ಯಾರೋ ಪುಣ್ಯಾತ್ಮರು ಅಚ್ಚುಕಟ್ಟಾಗಿ ತಿದ್ದಿದ್ದರು.

ಅಂದು ಮಧ್ಯಾಹ್ನ ಬೀರು ತೆಗೆದು ನನ್ನ ಆಂತರಿಕ ಅಂಕಗಳ ರಿಜಿಸ್ಟರ್ ಹೊರಗೆ ಎಳೆದೆ. ಚೈತ್ರಳ ಸಾಲಿನಲ್ಲಿ ಹದಿನಾಲ್ಕು, ಹದಿನೈದು, ಹತ್ತೊಂಬತ್ತು, ಹೀಗೆ ಒಳ್ಳೆಯ ಅಂಕಗಳೇ. ಮೊದಲ ಮೌಲ್ಯಮಾಪನದ ಒಂದು ಚಟುವಟಿಕೆಯ ಮುಂದೆ ಮಾತ್ರ ಕೆಂಪು ಇಂಕಿನಲ್ಲಿ ‘ಗೈರು’, ಅದರ ಕೆಳಗೆ ಸೊನ್ನೆ. ಆ ಚಟುವಟಿಕೆಗೆ ಹದಿನೈದು ಅಂಕ. ಒಟ್ಟು ಮೊತ್ತ 168, ಇಪ್ಪತ್ತಕ್ಕೆ ಇಳಿಸಿದರೆ 16.8, ಅಂದರೆ ಹದಿನೇಳು. ಆ ಹದಿನೈದರಲ್ಲಿ ಏಳು ಕೊಟ್ಟಿದ್ದರೂ ಮೊತ್ತ 175 ಆಗಿ ಹದಿನೆಂಟು ಬರುತ್ತಿತ್ತು. ಎ ಪ್ಲಸ್ ಬರುತ್ತಿತ್ತು.

ತಾರೀಖು ನೋಡಿದ ಕೂಡಲೇ ಎಲ್ಲವೂ ನೆನಪಾಯಿತು. ಕಾಗದದ ಪಟ್ಟಿಗಳನ್ನು ಅಂಟಿಸಿ ಸಮಾಂತರ ಶ್ರೇಢಿ ಮಾಡುವ ಚಟುವಟಿಕೆ ಅದು. ಎರಡು, ನಾಲ್ಕು, ಆರು ಎಂದು ಒಂದೇ ಅಂತರದಲ್ಲಿ ಬೆಳೆಯುವ ಸಂಖ್ಯೆಗಳ ಸಾಲಿಗೆ ಹಾಗೆನ್ನುತ್ತಾರೆ. ಚಟುವಟಿಕೆಗಳನ್ನೆಲ್ಲ ನಾನು ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮಾಡಿಸುತ್ತಿದ್ದೆ. ಅದು ಆಷಾಢದ ಶುಕ್ರವಾರ. ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಂದು ಊರಿಗೆ ಊರೇ ಚಾಮುಂಡಿ ಬೆಟ್ಟದ ಮೇಲಿರುತ್ತದೆ. ಚೈತ್ರ ಅಂದು ಬರಲಿಲ್ಲ. ಸೋಮವಾರ ಬೆಳಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿದ ಕಾಗದದ ಪಟ್ಟಿಗಳು, ಹಣೆಯಲ್ಲಿ ಬೆಟ್ಟದ ಕುಂಕುಮ.

“ಶುಕ್ರವಾರದ್ದು ಶುಕ್ರವಾರಕ್ಕೇ ಮುಗೀತು” ಎಂದಿದ್ದೆ. “ಆರಾಮಾಗಿ ದರ್ಶನ ಮಾಡ್ಕೊಂಡು ಬಂದು ಈಗ ಮಾರ್ಕ್ಸ್ ಕೇಳ್ತೀಯಾ?”

ಅವಳು ಪಟ್ಟಿಗಳನ್ನು ಮಡಿಸಿಕೊಂಡು ಹೋದಳು. ಗೈರುಹಾಜರಾದ ಮಗುವಿಗೆ ಇನ್ನೊಂದು ಅವಕಾಶ ಕೊಡಬೇಕು ಎನ್ನುವುದು ನಿಯಮ. ನಿಯಮವೆಂದರೆ ನಾನೇ ಎಂದುಕೊಂಡಿದ್ದವಳಿಗೆ ಆ ನಿಯಮ ನೆನಪಾಗಲಿಲ್ಲ. ವರ್ಷದ ಕೊನೆಗೆ ಅವಳು ಆ ಸೊನ್ನೆಯ ಎದುರು, ಎಲ್ಲ ಮಕ್ಕಳಂತೆ, ಸಹಿಯನ್ನೂ ಹಾಕಿದ್ದಳು.

ರಿಜಿಸ್ಟರ್ ತೆಗೆದುಕೊಂಡು ಹೋಗಿ ಶಿವಣ್ಣನವರ ಮುಂದಿಟ್ಟೆ. ಆಂತರಿಕ ಅಂಕಗಳನ್ನು ಆನ್‌ಲೈನಿನಲ್ಲಿ ತುಂಬಿ, ಮುಖ್ಯ ಶಿಕ್ಷಕರು ದೃಢೀಕರಿಸಿದ ಮೇಲೆ ಅದು ಮುಚ್ಚಿದ ಬಾಗಿಲು. “ಫಲಿತಾಂಶ ಬಂದ ಮೇಲೆ ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ ಮೇಡಂ” ಎಂದರು. ಆ ಟ್ರಸ್ಟಿನವರಿಗೆ ನಡೆದಿದ್ದನ್ನು ಬರೆದುಕೊಡುತ್ತೇನೆ ಎಂದಾಗ ಅವರ ಮುಖ ಸಣ್ಣದಾಯಿತು.

“ನಿಮ್ಮ ಕೈಯಾರೆ ತಪ್ಪು ಅಂತ ಬರ್ಕೊಟ್ರೆ ನಾಳೆ ಇಲಾಖೆ ನೋಟಿಸ್ ಕೊಡಬಹುದು. ಪೆನ್ಷನ್ ಬಾಗಿಲಲ್ಲಿ ನಿಂತಿದ್ದೀರಿ. ಯೋಚನೆ ಮಾಡಿ.”

ಯೋಚನೆ ಮಾಡಿದೆ. ಆದರೆ ಕಾಗದ ಬರೆಯುವ ಮೊದಲು ಹೇಳಬೇಕಾದವರಿಗೆ ಹೇಳಬೇಕಿತ್ತು. ಮರುದಿನ ಬೆಳಗ್ಗೆ, ಹಳೆಯ ಅರ್ಜಿಯಲ್ಲಿ ತಾಯಿಯ ಕೆಲಸ ನೋಡಿಕೊಂಡು, ಸಿಟಿ ಬಸ್ ಹತ್ತಿ ಬೆಟ್ಟಕ್ಕೆ ಹೋದೆ. ಹಣ್ಣುಕಾಯಿ, ಕುಂಕುಮ ಮಾರುವ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿದಾಗ ಚೈತ್ರಳ ತಾಯಿ ಮಾದೇವಮ್ಮನ ಅಂಗಡಿ ತೋರಿಸಿದರು. ಚೈತ್ರ ನೆಲದ ಮೇಲೆ ಕೂತು ಬಾಳೆಎಲೆ ಕತ್ತರಿಸುತ್ತಿದ್ದವಳು ನನ್ನನ್ನು ಕಂಡು ದಿಗ್ಗನೆ ಎದ್ದಳು. ಮಾದೇವಮ್ಮ ಸೆರಗಿನಲ್ಲಿ ಸ್ಟೂಲು ಒರೆಸಿ ಕೂರಿಸಿದರು. ನಾನು ಪೀಠಿಕೆ ಹಾಕದೆ, ಒಂದು ಅಂಕ ಹೋಗಿದ್ದು ನನ್ನಿಂದ ಎಂದು ಹೇಳಿ, ಹೇಗೆಂದು ವಿವರಿಸಿದೆ.

ಆಕೆ, “ತಪ್ಪು ನಂದೂ ಐತೆ ಮೇಡಮ್ನೋರೆ” ಎಂದರು. “ಆಷಾಡ ಸುಕ್ರವಾರ ಒಬ್ಬಳ ಕೈಲಿ ಆಗಕ್ಕಿಲ್ಲ. ಇವಳೇ ಬೆಳಗಿನ ಜಾವದಿಂದ ನಿಂತ್ಕೋತಾಳೆ. ಜನ ಜಾಸ್ತಿ ಅಲ್ವಾ, ದೇವರ ಮೊಕಾನೂ ನೋಡಿಲ್ಲ ಆ ದಿನ.” ಆಮೇಲೆ ಹಲಗೆಗೆ ಒರಗಿಸಿ ಸಾಲಾಗಿ ಪೇರಿಸಿದ್ದ ತೆಂಗಿನಕಾಯಿಗಳ ಕಡೆ ಕೈ ತೋರಿಸಿ, ಮಗಳ ಮೇಲಿನ ಹೆಮ್ಮೆ ತಡೆಯಲಾರದೆ, “ಇಸ್ಟು ಕಾಯಿನೂ ಎಣಿಸಾಕಿಲ್ಲ ಇವಳು. ಕೆಳಗಿನ ಸಾಲು ನೋಡ್ತಾಳೆ, ಮ್ಯಾಲಿನ ಸಾಲು ನೋಡ್ತಾಳೆ, ಒಟ್ಟು ಇಸ್ಟೈತೆ ಅಂದ್ಬುಡ್ತಾಳೆ” ಎಂದರು.

ಕೆಳಗಿನ ಸಾಲಿನಲ್ಲಿ ಹದಿಮೂರು ಕಾಯಿ, ಅದರ ಮೇಲೆ ಹನ್ನೆರಡು, ಹನ್ನೊಂದು. ಸಮಾಂತರ ಶ್ರೇಢಿ.

“ಅವತ್ತೇ ಯಾಕೆ ಹೇಳ್ಲಿಲ್ಲ ಮಗು, ಅಂಗಡಿಲಿದ್ದೆ ಅಂತ?” ಎಂದು ಕೇಳಿದೆ.

ಚೈತ್ರ ತಾಯಿಯ ಮುಖ ನೋಡಿದಳು, ಕೈಯಲ್ಲಿದ್ದ ಎಲೆ ನೋಡಿದಳು. “ನೀವು ಕೇಳ್ಲಿಲ್ಲ ಮೇಡಂ” ಎಂದಳು. ಅದರಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೇ.

ಅಂದೇ ಮನೆಗೆ ಬಂದು ಶಾಲೆಯ ಹೆಸರಿನ ಕಾಗದದಲ್ಲಲ್ಲ, ನನ್ನ ಸ್ವಂತ ಕಾಗದದಲ್ಲಿ ಪತ್ರ ಬರೆದೆ. ದಿನಾಂಕ, ಚಟುವಟಿಕೆ, ನಿಯಮ, ನಾನು ಆಡಿದ ಮಾತು, ಎಲ್ಲವನ್ನೂ ಬರೆದು, ಕೊನೆಯಲ್ಲಿ, ‘ಈ ವಿದ್ಯಾರ್ಥಿನಿಯ ಗಳಿಕೆಯಲ್ಲಿ ಕೊರತೆಯಿಲ್ಲ. ಕೊರತೆಯಾದದ್ದು ಅವಳ ಶಿಕ್ಷಕಿಯ ವಿಚಾರಣೆಯಲ್ಲಿ’ ಎಂದು ಸೇರಿಸಿ ಸಹಿ ಹಾಕಿದೆ. ಸೀಟಿನ ಅರ್ಜಿಗೆ ಕೊನೆಯ ದಿನ ಚೈತ್ರಳನ್ನು ಕರೆದುಕೊಂಡು ಟ್ರಸ್ಟಿನ ಕಚೇರಿಗೆ ಹೋದೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ.

ಕಾರ್ಯದರ್ಶಿಗಳು ವಯಸ್ಸಾದವರು, ಸಜ್ಜನರು. ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಮಾತನ್ನ ಪೂರ್ತಿ ನಂಬ್ತೀನಿ ಮೇಡಂ. ಆದ್ರೆ 562 ಬಂದಿರೋ ಮಕ್ಕಳು ಇನ್ನೂ ಇದ್ದಾರೆ. ಅವರಿಗೆಲ್ಲ ಹಿಂಗೆ ಕಾಗದ ಬರೆಯೋ ಮೇಡಂ ಇಲ್ವಲ್ಲ.”

ಮೂವತ್ತೊಂದು ವರ್ಷ ನಾನು ಎಷ್ಟೋ ತಂದೆತಾಯಿಗಳಿಗೆ ಇದೇ ಧಾಟಿಯ ಮಾತು ಹೇಳಿ ಕಳುಹಿಸಿದ್ದೆ. ಪತ್ರ ವಾಪಸು ತೆಗೆದುಕೊಂಡು ಕೈಮುಗಿದು ಹೊರಗೆ ಬಂದೆ.

ಚೈತ್ರ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಕಣ್ಣು ತುಂಬಿತು. ಅಳುವಿಗೂ ಮೊದಲು ಅವಳು ಮಾಡಿದ್ದು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಬಿಟ್ಟಿದ್ದು. ನಾನು ಅವಳ ಪಕ್ಕ ಕೂತೆ. ಅವಳ ತಲೆಯ ಮೇಲೆ ಕೈ ಇಟ್ಟೆ. ಯಾವ ವಿದ್ಯಾರ್ಥಿಗೂ ನಾನು ಹಾಗೆ ಮಾಡಿದವಳಲ್ಲ. ಅವಳು ಮೂಗು ಒರೆಸಿಕೊಂಡು, “ಏನ್ ಬರ್ದಿದ್ರಿ ಮೇಡಂ?” ಎಂದಳು. ಪತ್ರ ಕೊಟ್ಟೆ. ಕೆಳತುಟಿ ಕಚ್ಚಿಕೊಂಡು ನಿಧಾನವಾಗಿ ಓದಿದಳು.

“ಇದನ್ನ ನಾನಿಟ್ಕೊಳ್ಳಲಾ?”

“ಇನ್ನೇನು ಉಪಯೋಗ ಮಗು ಅದ್ರಿಂದ?”

“ಮಾರ್ಕ್ಸ್ ಕಾರ್ಡ್ ಜೊತೆ ಇಡ್ತೀನಿ ಮೇಡಂ” ಎಂದಳು. ಪತ್ರವನ್ನು ನಾಲ್ಕು ಮಡಿಕೆ ಮಾಡದೆ, ಸುಕ್ಕಾಗದಂತೆ, ಫೈಲಿನೊಳಗೆ ಅಂಕಪಟ್ಟಿಯ ಹಿಂದೆ ಸೇರಿಸಿದಳು.

ಅವಳು ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ವಿಜ್ಞಾನಕ್ಕೇ ಸೇರಿದಳು. ಎರಡು ವರ್ಷ ಬುಧವಾರ ಸಂಜೆ ನನ್ನ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬಂದಳು. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಬಯಸಿದ ಕಾಲೇಜು ಮಾತ್ರ ಅವಳಿಗೆ ಸಿಗಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ನನಗೆ ನೋಟಿಸ್ ಏನೂ ಬರಲಿಲ್ಲ.

ಉಳಿದ ಎರಡು ವರ್ಷವೂ ನಾನು ಬಿಗಿಯಾಗಿಯೇ ಅಂಕ ಕೊಟ್ಟೆ. ಸೆಂ.ಮೀ. ಬರೆಯದವರಿಗೆ ಅರ್ಧ ಕತ್ತರಿಸಿದೆ. ಆದರೆ ಗೈರು ಎಂದು ಬರೆಯುವ ಮೊದಲು ಮಗುವನ್ನು ಹತ್ತಿರ ಕರೆದು ಯಾಕೆ ಬರಲಿಲ್ಲ ಎಂದು ಕೇಳಿದೆ. ಒಬ್ಬಳು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಇನ್ನೊಬ್ಬಳು ನಿಜವಾಗಿಯೂ ಸಿನಿಮಾ ನೋಡಲು ಹೋಗಿದ್ದಳು, ಅವಳಿಗೆ ಬೈಗುಳವೂ ಸಿಕ್ಕಿತು, ಇನ್ನೊಂದು ಅವಕಾಶವೂ ಸಿಕ್ಕಿತು. ಹಾಗೆ ಕೇಳಿ ಉತ್ತರ ಪಡೆಯುವುದಕ್ಕೆ ಅರ್ಧ ನಿಮಿಷ ಸಾಕು. ಮೂವತ್ತೊಂದು ವರ್ಷ ನಾನು ಆ ಅರ್ಧ ನಿಮಿಷವನ್ನು ಉಳಿಸಿಕೊಂಡೇ ಬಂದಿದ್ದೆ. ಅದರಲ್ಲಿ ಎಷ್ಟು ಮಕ್ಕಳ ಎಷ್ಟು ಅಂಕ ಹೋಯಿತೋ, ಲೆಕ್ಕದ ಮೇಡಂ ಆದರೂ ನನಗೆ ಗೊತ್ತಿಲ್ಲ.