ಹಸಿರು ಪದರಿನ ಅಣಬೆ

ನನ್ನದು ಸುಮ್ಮನಿರುವ ಬಾಯಿಯಲ್ಲ. ಆ ಬಾಯಿಯಿಂದಲೇ ನನಗೆ ಅಣಬೆ ಗುರುತಿಸುವುದು ಬಾರದೆ ಹೋಯಿತು.

ಬೀದರ್ ಕಡೆಯಿಂದ ಬಂದು ಪಟ್ಟಣದ ತಾರ್ನಾಕ ಬಡಾವಣೆಯಲ್ಲಿ ನೆಲೆ ನಿಂತ ಮೇಲೂ, ಮಳೆ ಹೊಡೆದು ಎರಡು ದಿನ ಬಿಸಿಲು ಬಿದ್ದರೆ ಸಾಕು, ಅವ್ವ ಗಾರೆ ಕೆಲಸ ಬಿಟ್ಟು ವಿಶ್ವವಿದ್ಯಾಲಯದ ಹುಲ್ಲಿನ ಬಯಲಿಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ಅಣಬೆ ಕಂಡಾಗ ಮಾತಾಡಬಾರದು, ಬೆರಳು ಮಾಡಬಾರದು; ಮಾಡಿದರೆ ಮರುವರ್ಷ ಅಲ್ಲಿ ಏಳುವುದಿಲ್ಲ ಅನ್ನುವುದು ನಮ್ಮವರ ನಂಬಿಕೆ. ನನ್ನ ಬಾಯಿ ಕಟ್ಟುವುದು ಯಾರಿಂದಾದೀತು? ಹಾಗಾಗಿ ನಾನು ಪುಟ್ಟಿ ಹಿಡಿದು ದೂರ, ಬೇವಿನ ಗಿಡದ ಕೆಳಗೆ. ಅವ್ವ ಹುಲ್ಲಲ್ಲಿ ಕೂತು, ಅಣಬೆಯ ಕೊಡೆಯ ಅಡಿ ಬೆರಳಾಡಿಸಿ, ದಂಟು ಹಿಡಿದು ಮೆಲ್ಲಗೆ ಎಳೆದು, ಮೂಸಿ, ಕೆಲವನ್ನು ಉಡಿಗೆ ಹಾಕಿಕೊಳ್ಳುವಳು, ಕೆಲವನ್ನು ಅಲ್ಲೇ ಬಿಡುವಳು. ಯಾಕೆ ಬಿಟ್ಟೆ ಅಂತ ಮನೆಗೆ ಬಂದು ಕೇಳಿದರೂ, "ಕೈಗೆ ಗೊತ್ತಾಗತೈತಿ" ಅಂದಷ್ಟೇ. ತೊಳೆಯುವುದು, ಬೆಳ್ಳುಳ್ಳಿ ಜಜ್ಜಿ ಶೇಂಗಾ ಪುಡಿ ಹಾಕಿ ಪಲ್ಯ ಮಾಡುವುದು ಮಾತ್ರ ನನ್ನ ಪಾಲಿಗೆ ಬಂತು.

ಹೋದ ಮಳೆಗಾಲಕ್ಕೆ ಅವ್ವ ಹಾಸಿಗೆ ಹಿಡಿದಿದ್ದಳು. ಕಣ್ಣು ಹೋಗಿತ್ತು, ಏನು ಕೊಟ್ಟರೂ ಎರಡು ತುತ್ತಿಗೆ ಸಾಕೆನ್ನುವಳು. ಒಂದು ಬೆಳಿಗ್ಗೆ ತಾನಾಗಿ ಕೇಳಿದಳು: "ಅಣಬಿ ಎದ್ದಿರಬೇಕು. ಒಂದೀಟ ತಂದು ಮಾಡವ್ವ."

ಓಡಿದೆ. ಹುಲ್ಲಲ್ಲಿ ಎರಡು ಥರ ಎದ್ದಿದ್ದವು, ಎರಡೂ ಬೆಳ್ಳಗೆ. ಮುಟ್ಟಿದೆ, ಎಳೆದೆ, ಮೂಸಿದೆ. ನನ್ನ ಕೈಗೆ ಸುಡುಗಾಡೂ ಗೊತ್ತಾಗಲಿಲ್ಲ. ಎರಡನ್ನೂ ತಂದು ಅವ್ವನ ಅಂಗೈಗೆ ಕೊಟ್ಟೆ. ಸವರಿ ಸವರಿ ನೋಡಿದಳು. "ಎಲ್ಲಾ ಚಲೋ ಅದಾವ, ಒಲಿಗೆ ಇಡು."

ಒಂದನ್ನು ತಿರುವಿದೆ. ಕೊಡೆಯ ಅಡಿಯ ಪದರು ಹಸಿರಾಗಿತ್ತು. ಇಷ್ಟು ವರ್ಷ ತೊಳೆದವಳು ನಾನು. ಹಸಿರು ಪದರಿನ ಅಣಬೆ ನಮ್ಮ ಮನೆಗೆ ಎಂದೂ ಬಂದಿರಲಿಲ್ಲ. ಅವ್ವ ಹುಲ್ಲಲ್ಲೇ ಬಿಟ್ಟು ಬರುತ್ತಿದ್ದುದು ಇದನ್ನೇ, ವಿಷದ್ದನ್ನು. ಅಷ್ಟನ್ನೂ ಗುಂಡಿ ತೋಡಿ ಮುಚ್ಚಿದೆ.

ಅಂಗಡಿಯ ಡಬ್ಬಿ ಅಣಬೆ ತಂದು ಪಲ್ಯ ಮಾಡಿದೆ. ಹಿಂದೊಮ್ಮೆ ಅದನ್ನೇ ತಂದಾಗ, ಇದೇನು ರಬ್ಬರ್ ತಿನ್ನಿಸುತ್ತೀ ಅಂತ ನನ್ನ ಜನ್ಮ ಜಾಲಾಡಿದ್ದಳು. ಈಗಲೂ ಒಂದು ತುತ್ತಿಗೇ ಸಿಕ್ಕಿಬೀಳುತ್ತೇನೆ ಅಂತ ಹೆದರಿಕೊಂಡೇ ಉಣ್ಣಿಸಿದೆ.

ಅವ್ವ ಪೂರ್ತಿ ಉಂಡಳು. "ಭಾಳ ರುಚಿ ಆಗೇತಿ. ಹುಲ್ಲಾಗಿನ ಅಣಬಿ ಅಂದ್ರ ಅಣಬಿ" ಅಂದಳು.

ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅವ್ವ ಎದುರಿಗೇ ಇದ್ದಳು, ಎಷ್ಟೋ ದಿನಕ್ಕೆ ಹೊಟ್ಟೆ ತುಂಬ ಉಂಡಿದ್ದಳು. ನನಗೆ ಬೈಯುವ ಅವ್ವ ಬೇಕಾಗಿದ್ದಳು.