ಎರಡು ಎಣಿಕೆಯ ಜಾಗ

ಕಳೆದ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಅಟ್ಟೂರಿನಲ್ಲಿ, ನಮ್ಮ ಪಿಟೀಲು ಮೇಷ್ಟ್ರು ನರಸಿಂಹಯ್ಯನವರ ನಡುಮನೆಯಲ್ಲಿ, ಕಿಟಕಿಯ ಎಡಕ್ಕೆ ನಿಂತಿದ್ದೆ. ಕುರ್ಚಿಯಿತ್ತು, ಕೂರಲು ಮನಸ್ಸಾಗಲಿಲ್ಲ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ಕಿವಿಯಾರೆ ಕೇಳದೆ ಇದ್ದುದಕ್ಕೆ ಸಾಕ್ಷಿ ಹೇಳಿದವನು ನಾನು.

ಮೇಷ್ಟ್ರು ಎದುರಿಗೆ ಕೂತಿದ್ದರು. ಅವರ ಮಗಳು ಶಾರದಾ ಹಳೆಯ ಟೇಪ್ ರೆಕಾರ್ಡರಿನ ಮುಚ್ಚಳ ತೆಗೆದರು. ನುಸಿಗುಳಿಗೆಯ ವಾಸನೆ ಬಂತು. ಮೇಷ್ಟ್ರು ಮೊದಲಿದ್ದ ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಸ್ವರ ಬರೆದ ಪುಸ್ತಕಗಳಿಗೆಲ್ಲ ಇದೇ ವಾಸನೆಯಿತ್ತು. ಮೇಷ್ಟ್ರು ಹಗಲು ಯಶವಂತಪುರದ ಕಾರ್ಖಾನೆಯೊಂದರಲ್ಲಿ ದುಡಿದು, ಸಂಜೆ ಕೈಯ ಗ್ರೀಸ್ ತೊಳೆದುಕೊಂಡು ಪಾಠಕ್ಕೆ ಕೂರುತ್ತಿದ್ದರು. ಅವರದು ಒಂದೇ ಕಟ್ಟುನಿಟ್ಟು: ಕೇಳಿಸಿದ್ದನ್ನು ಬರೆಯಬೇಕು, ಗೊತ್ತಿರುವುದನ್ನಲ್ಲ.

ಆ ಪುಸ್ತಕಗಳಲ್ಲೊಂದರಲ್ಲಿ, ವರ್ಣವೊಂದರ ಪಕ್ಕದ ಪುಟಕ್ಕೆ 'ರೀಲು' ಎಂಬ ತಲೆಬರಹವಿತ್ತು. ಈಗ ಹೀಗೆಂದರೆ ನಮ್ಮ ಕೆಳಮನೆಯ ಹುಡುಗಿ ಎಷ್ಟು ಲೈಕ್ ಬಂತು ಅಂಕಲ್ ಎನ್ನುತ್ತಾಳೆ. ಇದು ಆ ರೀಲಲ್ಲ. ಐರ್ಲೆಂಡಿನವರು ಕುಣಿಯಲು ನುಡಿಸುವ, ನಲ್ಲಿ ಬಿಟ್ಟ ಹಾಗೆ ಓಡುವ ಮಟ್ಟು. ನಾನು ಪಾಠಕ್ಕೆ ಸೇರುವ ಮೊದಲು, ಪಕ್ಕದ ಬೀದಿಯ ಕಾನ್ವೆಂಟ್ ಶಾಲೆಯಲ್ಲಿದ್ದ ಐರ್ಲೆಂಡಿನ ಸಿಸ್ಟರೊಬ್ಬರು ತಮ್ಮ ಪಿಟೀಲು ತಂದು ಅದನ್ನು ನುಡಿಸಿದ್ದರಂತೆ. ಮೇಷ್ಟ್ರು ಆದಿತಾಳಕ್ಕೆ ಕೂರಿಸಿ ಸರಿಗಮದಲ್ಲಿ ಬರೆದುಕೊಂಡರು. ಕ್ಯಾಸೆಟ್ಟಿಗೂ ಮುದ್ರಿಸಿಕೊಂಡಿದ್ದರು, ಅದು ಮನೆ ಬದಲಿಸುವಾಗ ಕಳೆದುಹೋಯಿತೆಂದು ಎಲ್ಲರೂ ನಂಬಿದ್ದೆವು. ನಾವು ಪುಟ ನೋಡಿ ಕಲಿತೆವು. ಎರಡನೆಯ ಭಾಗದ ಕೊನೆಗೆ ಎರಡು ಎಣಿಕೆ ಖಾಲಿ. ಸ್ವರವಿಲ್ಲ. ಬೆರಳು ಮಡಿಸಿ, ಮುಂದೆ ಹೋಗುತ್ತಿದ್ದೆವು.

ನಿವೃತ್ತನಾದ ಮೇಲೆ ನನಗೆ ಆ ಮಟ್ಟಿನ ಮೂಲ ಹುಡುಕುವ ಹುಚ್ಚು ಹಿಡಿಯಿತು. ಅಂತರ್ಜಾಲದಲ್ಲಿ ಹನ್ನೊಂದು ಧ್ವನಿಮುದ್ರಣ ಸಿಕ್ಕವು, ಬರೆದಿಟ್ಟ ಸ್ವರಲಿಪಿಗಳು ಆರು. ಒಂದೇ ಮಟ್ಟಿಗೆ ನಾಲ್ಕು ಹೆಸರು. ಎಲ್ಲವನ್ನೂ ಸರಿಗಮಕ್ಕೆ ಇಳಿಸಿ, ಗೆರೆ ಎಳೆದ ಹಾಳೆಯಲ್ಲಿ ಸಾಲುಸಾಲಾಗಿ ಬರೆದೆ. ಆ ಖಾಲಿ ಜಾಗ ಯಾರಲ್ಲೂ ಇರಲಿಲ್ಲ. ಎಲ್ಲರೂ ಅಲ್ಲಿ ನಾಲ್ಕು ಸ್ವರ ನುಡಿಸಿದ್ದರು. ಪತ್ತೇದಾರನ ಗತ್ತಿನಲ್ಲಿ ಹಾಳೆಯನ್ನು ಮೇಷ್ಟ್ರ ಮುಂದೆ ಹರಡಿದೆ.

ಅವರು ಬಹಳ ಹೊತ್ತು ನೋಡಿದರು. "ಸಿಸ್ಟರ್ ನುಡಿಸಿದ್ದೇ ಹಂಗೆ ಅನ್ಕೊಂಡಿದ್ದೆ ಕಣೋ. ಇಷ್ಟ್ ಜನ ಹೇಳ್ತಿದ್ದಾರೆ ಅಂದ್ಮೇಲೆ ನನ್ ಕಿವೀನೇ ಸರಿಯಿಲ್ಲ ಬಿಡು" ಎಂದು ನನ್ನ ಕೈಯ ಪೆನ್ಸಿಲ್ ತೆಗೆದುಕೊಂಡು, ಪುಸ್ತಕದ ಆ ಖಾಲಿಯಲ್ಲಿ ತಾವೇ ನಾಲ್ಕು ಸ್ವರ ತುಂಬಿದರು. ನಾನು ಸಂತೋಷವಾಗಿ ಕಾಫಿ ಕುಡಿದು ಬಂದೆ.

ಅಂದಿನಿಂದ ಮೇಷ್ಟ್ರು ಹೊಸದೊಂದನ್ನೂ ಬರೆಯಲಿಲ್ಲ. ತಂತಿ ಶ್ರುತಿಗೆ ಸೇರಿತೇ ಎಂದು ಯಾರಾದರೂ ಕೇಳಿದರೆ ಶಾರದಾನ ಕೇಳು ಎನ್ನತೊಡಗಿದರು. ಅರವತ್ತು ವರ್ಷ ನಂಬಿದ ಕಿವಿಯನ್ನು ಅವರು ಬಿಟ್ಟುಕೊಟ್ಟಿದ್ದಾರೆಂದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು. ಹೊಳೆದ ಮೇಲೂ ಏನು ಮಾಡಲಿ? ಹಾಳೆ ನನ್ನ ಪರವಾಗಿತ್ತು.

ಹೋದ ವಾರ ಶಾರದಾ ಫೋನ್ ಮಾಡಿದರು. ಹಳೆಯ ಪಿಟೀಲು ಪೆಟ್ಟಿಗೆಯ ಒಳಬಟ್ಟೆ ಕಿತ್ತಾಗ ಅಡಿಯಲ್ಲಿ ಕ್ಯಾಸೆಟ್ ಸಿಕ್ಕಿತ್ತು. "ಬನ್ನಿ, ಕೇಳೋಣ. ತಪ್ಪು ಅಪ್ಪಂದೇ ಆಗಿದ್ರೆ ಮಾತ್ರ ನೀವು ಬಾಯ್ ಬಿಡ್ಬೇಡಿ ಕಣ್ರೀ."

ಟೇಪು ಮೊದಲು ಬುಸುಗುಟ್ಟಿತು. ಬೀದಿಯಲ್ಲಿ ಸೊಪ್ಪಿನವಳ ಕೂಗು. ಶುರು ಮಾಡಿ ಸಿಸ್ಟರ್ ಎನ್ನುವ, ನಾನು ಕೇಳಿಯೇ ಇರದಷ್ಟು ಎಳೆಯ ಮೇಷ್ಟ್ರ ದನಿ. ಆಮೇಲೆ ರೀಲು. ಎರಡನೆಯ ಭಾಗದ ಕೊನೆಗೆ ಬಂದಾಗ ಪಿಟೀಲು ನಿಂತಿತು. ಆ ಖಾಲಿಯಲ್ಲಿ ಬೂಟಿನ ಹಿಮ್ಮಡಿ ನೆಲಕ್ಕೆ ಎರಡು ಸಲ ಬಡಿದದ್ದು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಪಿಟೀಲು. ಮೂರು ಆವೃತ್ತಿ ನುಡಿಸಿದರು; ಮೂರು ಸಲವೂ ಅದೇ ಕಡೆ, ಅದೇ ಎರಡು ಪೆಟ್ಟು. ಕುಣಿಯುವವರ ಕಾಲಿಗೆಂದು ಬಿಟ್ಟ ಜಾಗ ಅದು. ಕುಣಿಯುವವರಿಲ್ಲದ್ದರಿಂದ ಸಿಸ್ಟರ್ ತಾವೇ ಹೆಜ್ಜೆ ಹಾಕಿದ್ದರು. ನನ್ನ ಹಾಳೆಯಲ್ಲಿದ್ದವರು ಯಾರೂ ತಪ್ಪಲ್ಲ. ಅವರು ಬೇರೆ ಮನೆಗಳಲ್ಲಿ ಕಲಿತವರು, ಅಷ್ಟೆ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಅದಕ್ಕೇ ಕಣೋ ಜಾಗ ಬಿಟ್ಟಿದ್ದು" ಎಂದರು ಮೇಷ್ಟ್ರು.

ತಪ್ಪಾಯಿತು ಎಂದೆ.

"ಅದಿರ್ಲಿ, ಮೊದ್ಲು ರಬ್ಬರ್ ತಗೊಂಬಾ."

ಪುಸ್ತಕದ ಆ ನಾಲ್ಕು ಸ್ವರಗಳನ್ನು ಅವಸರದಲ್ಲಿ ಉಜ್ಜಿದೆ. ಹಾಳೆ ಹರೀತೀಯ, ನಿಧಾನ ಎಂದು ನಕ್ಕರು. ನಾನು ಉಜ್ಜಿ ಮುಗಿಸುವಷ್ಟರಲ್ಲಿ ಅವರು ಪಿಟೀಲು ಎತ್ತಿಕೊಂಡು ಬಿರಡೆ ತಿರುವಿ, ಕಣ್ಣು ಮುಚ್ಚಿ, ನಾಲ್ಕೂ ತಂತಿ ಶ್ರುತಿಗೆ ಕೂಡಿಸಿದ್ದರು. ಶಾರದಾ ಪಕ್ಕದಲ್ಲೇ ಇದ್ದರು. ಮೇಷ್ಟ್ರು ಅವರನ್ನು ಕೇಳಲಿಲ್ಲ.

ಸಿಸ್ಟರ್ ನುಡಿಸಿದ್ದನ್ನು ಆರ್.ಟಿ. ನಗರದ ಆ ಕೋಣೆಯಲ್ಲಿ ಕೂತು ಕಿವಿಯಾರೆ ಕೇಳಿದ ಸಾಕ್ಷಿಗಳು ಮೂವರು, ನಾನಲ್ಲ. ಮೃದಂಗದ ಗೋಪಾಲಪ್ಪನವರು ಈಗಿಲ್ಲ. ಒಂಬತ್ತು ವರ್ಷದವರಾಗಿ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ ಶಾರದಾ ಇದ್ದಾರೆ. ಮೇಷ್ಟ್ರು ನರಸಿಂಹಯ್ಯನವರೂ ಇದ್ದಾರೆ.